ಗಿಟಾರ್ ತಂತಿ ಜುಮ್ಮೆನ್ನುತ್ತಿದೆಯೇ? ಆ ಆಂಪ್ ಅನ್ನು ಮತ್ತೆ ಹಚ್ಚಬೇಡಿ

ಮನೆಯಲ್ಲಿ ಹವ್ಯಾಸಕ್ಕೆಂದು ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು, ಅದರಲ್ಲೂ ಮಂಗಳೂರು, ಉಡುಪಿ ಕಡೆ ಹಳೆಯ ವಿದೇಶಿ ಆಂಪ್ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್) ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಆಂಪ್‌ನ ಹಿಂಬದಿಯ ಪಟ್ಟಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದು ಬರೆದಿದ್ದು, ಅಂಗಡಿಯವರು ಜೊತೆಗೆ ನಮ್ಮ 230 ವೋಲ್ಟನ್ನು ಇಳಿಸಿಕೊಡುವ, ಎರಡು ಪಿನ್ನಿನ ಸ್ಟೆಪ್‌ಡೌನ್ ಪೆಟ್ಟಿಗೆಯೊಂದನ್ನು ಕೊಟ್ಟು "ಇದಿದ್ದರೆ ಏನೂ ತೊಂದರೆ ಇಲ್ಲ" ಎಂದರೆ ಅದನ್ನು ಮನೆಗೆ ತರಬೇಡಿ. ಕಳೆದ ಮಳೆಗಾಲದಲ್ಲಿ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಅಂಥದ್ದೊಂದು ಆಂಪ್‌ನಿಂದ ನನ್ನ ತಂಗಿಯ ಮಗಳ ಜೀವಕ್ಕೇ ಕುತ್ತು ಬಂದಿತ್ತು. ಅವಳು ಉಳಿದದ್ದು ದೇವರ ದಯೆ.

ನನ್ನದು ಬ್ಯಾಂಕ್ ಕೆಲಸ. ಗಿಟಾರ್ ಏನಿದ್ದರೂ ರಜಾ ದಿನದ ಸಂಗಾತಿ. ಕರಾವಳಿಯಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ. ಇಗರ್ಜಿಯ ಗಾಯನ ತಂಡದಲ್ಲಿ ಕಲಿತವರು, ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮಗಳಲ್ಲಿ ನುಡಿಸುವವರು, ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ಗೆಳೆಯನಿಂದ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕಲಿತು ಬಿಡಲಾರದೆ ಉಳಿದವರು. ಹೀಗೆ ಸ್ವಲ್ಪ ಕಾಲ ನುಡಿಸಿದವರಿಗೆಲ್ಲ ಒಂದಲ್ಲ ಒಂದು ದಿನ ಟ್ಯೂಬ್ ಆಂಪ್‌ನ ನಾದ ಕಿವಿಗೆ ಬಿದ್ದು ಆಸೆ ಹುಟ್ಟುತ್ತದೆ. ಗಾಜಿನ ವಾಲ್ವುಗಳು ಬಿಸಿಯೇರಿ, ಮೀಟಿದ ಸ್ವರ ಬೆರಳಿನ ಒತ್ತಡಕ್ಕೆ ತಕ್ಕಂತೆ ತುಸು ಒಡೆದು ತುಂಬಿ ಬರುವ ಆ ಬಗೆ ನಿಜಕ್ಕೂ ಸೊಗಸು. ಆ ಆಸೆ ತಪ್ಪಲ್ಲ. ಅದನ್ನು ಬಳಸಿಕೊಂಡು ಜನರಿಗೆ ಅಪಾಯವನ್ನು ಮಾರುವುದು ತಪ್ಪು.

ಮಂಗಳೂರಿನ ಒಂದು ಅಂಗಡಿಯಲ್ಲಿ ಎಪ್ಪತ್ತರ ದಶಕದ ಅಮೆರಿಕದ ಆಂಪ್ ಇತ್ತು. ನಲವತ್ತು ವ್ಯಾಟ್, ಹನ್ನೆರಡು ಇಂಚಿನ ಸ್ಪೀಕರ್. ವೋಲ್ಟೇಜ್ ಬೇರೆಯಲ್ಲವೇ, ಅರ್ತಿಂಗ್ ಹೇಗೆ ಎಂದು ನಾನು ಅಲ್ಲೇ ಕೇಳಿದೆ. ಪೂರ್ತಿ ಸರ್ವಿಸ್ ಆಗಿದೆ, ಅರ್ತಿಂಗ್ ಕೊಟ್ಟಿದ್ದೇವೆ, ಧೈರ್ಯವಾಗಿ ಒಯ್ಯಿರಿ ಎಂದರು. ಆಂಪ್‌ನ ವಯರು ಸ್ಟೆಪ್‌ಡೌನ್ ಪೆಟ್ಟಿಗೆಗೆ ಮೊದಲೇ ಸೇರಿಕೊಂಡಿತ್ತು. ಕೂಡುವ ಜಾಗಕ್ಕೆ ದಪ್ಪನೆಯ ಕಪ್ಪು ಟೇಪ್ ಸುತ್ತಿ, "ಇದನ್ನು ಬಿಚ್ಚಬೇಡಿ, ಬಿಚ್ಚಿದರೆ ವಾರಂಟಿ ಇಲ್ಲ" ಎಂದೂ ಹೇಳಿ ಕಳಿಸಿದರು.

ಬೇಸಿಗೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಜೂನ್ ಬಂದು ನೆಲ ತೇವ ಹಿಡಿಯುತ್ತಲೇ ತೊಂದರೆ ಶುರುವಾಯಿತು. ಬರಿಗಾಲಿನಲ್ಲಿ ಕಾವಿ ನೆಲದ ಮೇಲೆ ಕುಳಿತು ತಂತಿ ಮುಟ್ಟಿದರೆ ಎಡಗೈ ಬೆರಳುಗಳು ಜುಮ್ಮೆನ್ನುತ್ತಿದ್ದವು. ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಅಂಗಡಿಗೆ ಫೋನ್ ಮಾಡಿ ವಿವರವಾಗಿ ಹೇಳಿದೆ. ಅಲ್ಲಿಂದ ಬಂದ ಉತ್ತರವನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಮಾತನ್ನು ನಿಮಗೂ ಹೇಳಬಹುದು: "ಹಳೆಯ ಟ್ಯೂಬ್ ಆಂಪ್ ಎಂದರೆ ಸ್ವಲ್ಪ ಜುಮ್ಮೆನ್ನುವುದು ಸಹಜ ಸರ್, ರಬ್ಬರ್ ಚಪ್ಪಲಿ ಹಾಕಿಕೊಂಡು ನುಡಿಸಿ." ಹೀಗೆ ಹೇಳಿದವರಿಗೆ ವಿಷಯ ಗೊತ್ತಿಲ್ಲದಿದ್ದರೆ ಅವರು ಆಂಪ್ ಮಾರಬಾರದು. ಗೊತ್ತಿದ್ದೂ ಹೇಳಿದ್ದರೆ ಅದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. ನಾನು ಆಂಪ್ ಅನ್ನು ಬದಿಗಿಟ್ಟು, ಪರೀಕ್ಷಿಸಲು ಜನ ಕಳಿಸಿ ಎಂದೆ. ಕಳಿಸಿದರು. ಬಂದ ಹುಡುಗ ಪ್ಲಗ್ಗನ್ನು ತೆಗೆದು ಹಾಕಿ, ತಂತಿ ಮುಟ್ಟಿ ನೋಡಿ, ಈಗ ಏನೂ ಇಲ್ಲ ಎಂದು ಹೇಳಿ ಹೋದ.

ಅದಾದ ವಾರದಲ್ಲೇ ತಂಗಿಯ ಮಗಳು ಮನೆಗೆ ಬಂದಳು. ಚೆನ್ನಾಗಿ ಹಾಡುತ್ತಾಳೆ, ಗಿಟಾರನ್ನೂ ನುಡಿಸುತ್ತಾಳೆ. ಗಿಟಾರನ್ನು ಆ ಆಂಪ್‌ಗೆ ಸೇರಿಸಿ, ನಮ್ಮಲ್ಲಿದ್ದ ಸಣ್ಣ ಮೈಕ್ ಸೆಟ್ಟನ್ನು ಚಾವಡಿಯ ಇನ್ನೊಂದು ಸಾಕೆಟ್ಟಿಗೆ ಹಾಕಿ ಕುಳಿತಳು. ಎಡಗೈಯಲ್ಲಿ ಕಾರ್ಡ್ ಹಿಡಿದು ಹಾಡಲೆಂದು ಮೈಕ್ ಹತ್ತಿರ ಬಾಗಿದಳು. ತುಟಿ ಮೈಕ್‌ನ ಜಾಲರಿಗೆ ತಾಗಿತು. ಟಪ್ ಎಂದು ಸ್ಪೀಕರ್ ಸಿಡಿದ ಸದ್ದು, ಅವಳ ತಲೆ ಹಿಂದಕ್ಕೆ ಎಸೆದಂತೆ ಹೋಯಿತು, ಗಿಟಾರ್ ನೆಲಕ್ಕೆ ಬಿತ್ತು. ಬೆಲ್ಟ್ ಹಾಕಿಕೊಳ್ಳದೆ ಕುಳಿತಿದ್ದರಿಂದ ಗಿಟಾರ್ ಕೈಬಿಟ್ಟು ಹೋಯಿತು. ಹೆಗಲಿಗೆ ತೂಗುಹಾಕಿಕೊಂಡಿದ್ದರೆ ಏನಾಗುತ್ತಿತ್ತೋ ನೆನೆಯಲಾರೆ. ಮೇಲ್ದುಟಿಯಲ್ಲಿ ಬಿಳಿಯ ಸುಟ್ಟ ಚುಕ್ಕೆ, ಎಡಗೈಯ ಎರಡು ಬೆರಳ ತುದಿಯಲ್ಲಿ ತಂತಿಯ ಗೆರೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಒಂದು ರಾತ್ರಿ ಇಟ್ಟುಕೊಂಡರು. ಹೃದಯಕ್ಕೆ ತೊಂದರೆಯಾಗಿರಲಿಲ್ಲ.

ಮರುದಿನ ನಮ್ಮ ಮನೆಗೆ ಬಂದವರು ಯಕ್ಷಗಾನ ಮೇಳಗಳ ಮೈಕ್ ಸೆಟ್ ರಿಪೇರಿ ಮಾಡುವ ಒಬ್ಬ ಹಿರಿಯರು. ಅವರು ಮೊದಲು ನೋಡಿದ್ದು ಮನೆಯ ಅರ್ತಿಂಗ್. ಅದು ಸರಿಯಾಗಿಯೇ ಇತ್ತು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಗಿಟಾರ್ ತಂತಿಗೆ, ಇನ್ನೊಂದನ್ನು ಸಾಕೆಟ್ಟಿನ ಅರ್ತ್ ತೂತಿಗೆ ಹಿಡಿದರು. 228 ವೋಲ್ಟ್. ಸ್ಟೆಪ್‌ಡೌನ್ ಪೆಟ್ಟಿಗೆಯ ಎರಡು ಪಿನ್ನಿನ ಪ್ಲಗ್ಗನ್ನು ಕಿತ್ತು ತಿರುಗಿಸಿ ಹಾಕಿದರು. ಹೆಚ್ಚುಕಡಿಮೆ ಸೊನ್ನೆ! ಪ್ಲಗ್ ಯಾವ ದಿಕ್ಕಿಗೆ ಕೂತಿದೆ ಎಂಬುದರ ಮೇಲೆ ಒಬ್ಬರ ಪ್ರಾಣ ನಿಂತಿತ್ತು. ಕೆಲವು ದಿನ ಜುಮ್ಮೆನ್ನದೆ ಇದ್ದುದಕ್ಕೂ, ಅಂಗಡಿಯ ಹುಡುಗನಿಗೆ ಏನೂ ಕಾಣದೆ ಹೋದದ್ದಕ್ಕೂ ಕಾರಣ ಇದೇ.

ಟೇಪ್ ಬಿಚ್ಚಿದಾಗ ಒಳಗಿನ ಕಥೆ ಹೊರಬಂತು. ಆಂಪ್‌ನ ಪ್ಲಗ್ಗಿನಲ್ಲಿದ್ದ ಮೂರನೇ ಪಿನ್ನನ್ನು, ಅಂದರೆ ಅರ್ತ್ ಪಿನ್ನನ್ನು, ಪೆಟ್ಟಿಗೆಯ ಎರಡು ತೂತಿಗೆ ಹೊಂದಲೆಂದು ಬುಡದಲ್ಲೇ ಕತ್ತರಿಸಿದ್ದರು. ಕತ್ತರಿಸಿದ ಕಡೆ ಲೋಹ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಆ ಬಗೆಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ವೋಲ್ಟೇಜ್ ಇಳಿಸುತ್ತವೆ, ಆದರೆ ಮನೆಯ ಲೈನಿನಿಂದ ಆಂಪ್ ಅನ್ನು ಬೇರ್ಪಡಿಸುವುದಿಲ್ಲ. ಪ್ಲಗ್ ತಿರುವುಮುರುವಾದರೆ 120 ವೋಲ್ಟಿನ ಕಡೆಯ ಒಂದು ವಯರು ನೆಲಕ್ಕೆ ಹೋಲಿಸಿದರೆ ನೇರ 230 ವೋಲ್ಟಿನಲ್ಲಿ ಇರುತ್ತದೆ. ಇನ್ನು ಆ ಕಾಲದ ಅಮೆರಿಕದ ಆಂಪ್‌ಗಳಲ್ಲಿ ಗುಂಯ್ ಸದ್ದು ಕಡಿಮೆ ಮಾಡಲೆಂದು ಲೈನ್ ವಯರಿನಿಂದ ಚಾಸಿಗೆ, ಅಂದರೆ ಆಂಪ್‌ನೊಳಗಿನ ಲೋಹದ ಚೌಕಟ್ಟಿಗೆ, ಒಂದು ಕೆಪಾಸಿಟರ್ ಹಾಕುತ್ತಿದ್ದರು. ರಿಪೇರಿಯವರು ಅದನ್ನು ಕರೆಯುವುದೇ ಡೆತ್ ಕ್ಯಾಪ್ ಎಂದು. ನಮ್ಮ ಆಂಪ್‌ನಲ್ಲಿ ಅದು ಮೊದಲು ಸ್ವಲ್ಪ ಸ್ವಲ್ಪವೇ ಸೋರುತ್ತಿದ್ದು, ಕೊನೆಗೆ ಪೂರ್ತಿ ಶಾರ್ಟ್ ಆಗಿತ್ತು. ಅರ್ತ್ ಇದ್ದಿದ್ದರೆ ಆ ಕ್ಷಣವೇ ಫ್ಯೂಸ್ ಹೋಗಿ ಆಂಪ್ ಸತ್ತಿರುತ್ತಿತ್ತು. ಅರ್ತ್ ಇಲ್ಲದ್ದರಿಂದ ಚಾಸಿಯಲ್ಲಿ ಕರೆಂಟು ಕಾದು ಕುಳಿತಿತ್ತು. ಚಾಸಿಯಿಂದ ಕೇಬಲ್‌ನ ಲೋಹದ ಹೊರಕವಚಕ್ಕೆ, ಅಲ್ಲಿಂದ ಗಿಟಾರ್‌ನಲ್ಲಿ ತಂತಿಗಳನ್ನು ಹಿಡಿದಿರುವ ಬ್ರಿಡ್ಜ್‌ಗೆ, ಬ್ರಿಡ್ಜ್‌ನಿಂದ ತಂತಿಗೆ. ಎಲೆಕ್ಟ್ರಿಕ್ ಗಿಟಾರ್‌ನ ತಂತಿ ಸಾಮಾನ್ಯವಾಗಿ ಆಂಪ್‌ನ ಚಾಸಿಗೆ ಸೇರಿರುತ್ತದೆ ಎಂಬುದನ್ನು ನುಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಆಂಪ್ ಕೆಟ್ಟರೆ ಆ ಕೇಡು ನೇರ ನಿಮ್ಮ ಬೆರಳಿಗೆ ಬರುತ್ತದೆ.

ಇದು ಎಂದೋ ಒಮ್ಮೆ ಆಗುವ ಆಕಸ್ಮಿಕ ಎಂದುಕೊಳ್ಳಬೇಡಿ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ ಮೈಕ್ ಮುಟ್ಟಿ ಸತ್ತರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರಲ್ಲಿ ಸತ್ತದ್ದು ತಮ್ಮ ಮನೆಯಲ್ಲೇ ಗಿಟಾರ್ ನುಡಿಸುತ್ತಿರುವಾಗ. ಇಬ್ಬರ ಸಾವಿನಲ್ಲೂ ಅರ್ತಿಂಗ್ ದೋಷವೇ ಕಾರಣ. ನಮ್ಮ ಹುಡುಗಿಗೆ ಆದದ್ದೂ ಅದೇ ಬಗೆ: ಒಂದು ಕೈಯಲ್ಲಿ ಕರೆಂಟು ಬಂದ ತಂತಿ, ಬಾಯಲ್ಲಿ ಅರ್ತ್ ಆದ ಮೈಕ್, ನಡುವೆ ದೇಹ. ಈ ಹಾದಿಯಲ್ಲಿ ರಬ್ಬರ್ ಚಪ್ಪಲಿಯಿಂದ ಕಿಂಚಿತ್ತೂ ಉಪಯೋಗವಿಲ್ಲ. ಜುಮ್ಮೆನ್ನುವುದನ್ನು ಮುಚ್ಚಿಟ್ಟು ಅಪಾಯವನ್ನು ಹಾಗೆಯೇ ಉಳಿಸುವ ಸಲಹೆ ಅದು.

ನಮ್ಮ ಮನೆಯಲ್ಲಿ ಪಿಂಗಾಣಿ ಫ್ಯೂಸ್ ಮಾತ್ರ ಇತ್ತು, ಆರ್‌ಸಿಸಿಬಿ ಇರಲಿಲ್ಲ. ಕರಾವಳಿಯ ಹಂಚಿನ ಮನೆಗಳಲ್ಲಿ ಇಂದಿಗೂ ಎಷ್ಟೋ ಕಡೆ ಹೀಗೆಯೇ ಇದೆ. ಮೂವತ್ತು ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ ದೇಹದ ಮೂಲಕ ಕರೆಂಟು ಹರಿಯತೊಡಗಿದ ತಕ್ಷಣ ಲೈನ್ ಕಡಿದುಹೋಗುತ್ತದೆ. ನಾವೀಗ ಹಾಕಿಸಿದ್ದೇವೆ. ಅರ್ತ್ ಸರಳು ಕೆಂಪು ಕಲ್ಲಿನ ಗುಡ್ಡದ ಮೇಲಿದ್ದರೆ ಬೇಸಿಗೆಯಲ್ಲಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ; ಎಲೆಕ್ಟ್ರಿಷಿಯನ್ ಕರೆದು ಅಳೆಸುವುದು ಒಳ್ಳೆಯದು.

ಅಡಾಪ್ಟರಿನಲ್ಲಿ ನಡೆಯುವ ಸಣ್ಣ ಆಂಪ್‌ಗಳಲ್ಲೂ ಕೆಲವೊಮ್ಮೆ ತೀರಾ ನವುರಾಗಿ ಜುಮ್ಮೆನ್ನುತ್ತದೆ, ಲ್ಯಾಪ್‌ಟಾಪ್‌ನ ಲೋಹದ ಮೈ ಸವರಿದಾಗ ಆಗುವಂತೆ. ಅದು ಹೆಚ್ಚಾಗಿ ಅಡಾಪ್ಟರಿನೊಳಗಿನ ಫಿಲ್ಟರಿನಿಂದ ಬರುವ ಅತ್ಯಲ್ಪ ಸೋರಿಕೆ. ಆದರೆ ಯಾವುದು ನಿರುಪದ್ರವಿ, ಯಾವುದು ಮಾರಕ ಎಂಬುದನ್ನು ಬೆರಳು ಹೇಳಲಾರದು, ಟೆಸ್ಟರ್ ಸ್ಕ್ರೂಡ್ರೈವರ್ ಕೂಡ ಹೇಳಲಾರದು. ಎರಡಕ್ಕೂ ಅದು ಹೊತ್ತಿಕೊಳ್ಳುತ್ತದೆ. ಸೋರಿಕೆ ಎಷ್ಟು ಎಂದು ಮೀಟರಿನಲ್ಲಿ ಅಳೆಯುವವರೆಗೆ ನುಡಿಸಬೇಡಿ. ಟ್ಯೂಬ್ ಆಂಪ್ ಅನ್ನು ನೀವೇ ಬಿಚ್ಚಲೂ ಹೋಗಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ ನಾನೂರು ವೋಲ್ಟಿನಷ್ಟು ಇರಬಹುದು, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಆ ಹಿರಿಯರು ಒಳಗೆ ಕೈಯಿಡುವ ಮೊದಲು ಒಂದು ರೆಸಿಸ್ಟರ್ ಹಿಡಿದು ಅದನ್ನೆಲ್ಲ ಇಳಿಸಿ, ಮತ್ತೆ ಮೀಟರಿನಲ್ಲಿ ನೋಡಿಯೇ ಮುಂದುವರಿದರು.

ಅಷ್ಟಕ್ಕೂ ನಲವತ್ತು ವ್ಯಾಟಿನ ಟ್ಯೂಬ್ ಆಂಪ್ ಮನೆಗೆ ಬೇಕೇ? ಬೇಡ. "ಮನೆಗೆ ಇದೇ ಸರಿ" ಎಂದು ಅಂಗಡಿಯಲ್ಲಿ ಹೇಳಿದ್ದೂ ಸುಳ್ಳೇ. ಗಿಟಾರ್ ಸ್ಪೀಕರುಗಳು ಬಹಳ ಸೂಕ್ಷ್ಮ. ಒಂದೇ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ತೊಂಬತ್ತೈದರಿಂದ ನೂರು ಡೆಸಿಬೆಲ್ ಸದ್ದು ಕೊಡುತ್ತವೆ. ವಸತಿ ಪ್ರದೇಶಕ್ಕೆ 2000ರ ಶಬ್ದ ಮಾಲಿನ್ಯ ನಿಯಮಗಳು ಇಟ್ಟ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್. ವ್ಯಾಟ್ ಹತ್ತು ಪಟ್ಟಾದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳುತ್ತದೆ. ಆದ್ದರಿಂದ ನಾಲ್ಕು ವ್ಯಾಟಿನ ಆಂಪ್ ಎಂದರೆ ನಲವತ್ತರದ್ದರ ಅರ್ಧ ಸದ್ದು, ಹತ್ತನೇ ಒಂದು ಪಾಲಲ್ಲ. ದೊಡ್ಡ ಟ್ಯೂಬ್ ಆಂಪ್‌ಗಳ ಸೊಗಸು ಹೊರಬರುವುದು ಜೋರಾಗಿ ಇಟ್ಟಾಗ. ಮನೆಯಲ್ಲಿ ಗುಂಡಿಯನ್ನು ಒಂದರಾಚೆಗೆ ತಿರುಗಿಸಲಾಗದೆ, ಯಾವ ನಾದಕ್ಕಾಗಿ ತಂದಿದ್ದೆನೋ ಅದು ನನಗೆ ಸಿಗಲೇ ಇಲ್ಲ.

ಈಗ ನಾನು ನುಡಿಸುವುದು ಟ್ಯೂಬ್ ಆಂಪ್‌ನ ನಾದವನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲಿಂಗ್ ಆಂಪ್‌ನಲ್ಲಿ, ಭಾರತದ 230 ವೋಲ್ಟಿಗೇ ಬಂದದ್ದು, ಬಿಲ್ಲಿನ ಸಮೇತ. ಬಾಸ್ ಕಂಪನಿಯ ಕಟಾನಾ 50ರಲ್ಲಿ ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್ ಇದೆ, ಸದ್ದು ತಗ್ಗಿದರೂ ನಾದ ಸೊರಗುವುದಿಲ್ಲ. ಅಷ್ಟು ಹಣ ಬೇಡವೆಂದರೆ ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್ ಇದೆ, ಮೂರು ವ್ಯಾಟ್, ಬ್ಯಾಟರಿಯಲ್ಲೂ ನಡೆಯುತ್ತದೆ. ವಾಕ್ಸ್ ಆಂಪ್ಲಗ್ ಅಂತೂ ಗಿಟಾರ್‌ಗೇ ಚುಚ್ಚಿಕೊಂಡು ಹೆಡ್‌ಫೋನಿನಲ್ಲಿ ಕೇಳುವಂಥದ್ದು. ಆಟಿ ತಿಂಗಳ ಜಡಿಮಳೆಯಲ್ಲಿ, ಏಪ್ರಿಲ್–ಮೇ ತಿಂಗಳ ಸಿಡಿಲಿನಲ್ಲಿ ಬ್ಯಾಟರಿಯ ಆಂಪ್ ಎಷ್ಟು ನೆಮ್ಮದಿ ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಅಂಗಡಿಯವರು ಆಂಪ್ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಟೇಪ್ ಬಿಚ್ಚಿದ್ದೀರಿ, ವಾರಂಟಿ ಮುಗಿಯಿತು ಎಂದರು. ನಮಗೆ ಕೊಟ್ಟದ್ದು ಎಸ್ಟಿಮೇಟ್ ಎಂದು ಬರೆದ ಚೀಟಿ, ಜಿಎಸ್‌ಟಿ ಬಿಲ್ ಅಲ್ಲ. ಆದರೂ ಹಣ ಹೋದದ್ದು ಬ್ಯಾಂಕ್ ಖಾತೆಯಿಂದ, ಮಾತುಕತೆಯಲ್ಲಿ ಕೆಲವು ಮೊಬೈಲ್ ಸಂದೇಶದಲ್ಲೇ ಇದೆ. ರಿಪೇರಿಯವರ ಲಿಖಿತ ವರದಿ, ಕತ್ತರಿಸಿದ ಪಿನ್ನಿನ ಚಿತ್ರ, ಆಸ್ಪತ್ರೆಯ ಕಾಗದಗಳನ್ನು ಸೇರಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲ ಹೆಜ್ಜೆಯಾಗಿ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಬಹುದು. ದೂರು ವಿಚಾರಣೆಯಲ್ಲಿ ಇರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಇದೇ ಬಗೆಯಲ್ಲಿ ಬಂದ ಆಂಪ್ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತು, ವಯರು ಕೂಡುವ ಜಾಗವನ್ನು ನೋಡಿ. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದು ಅರ್ತ್ ಎಲ್ಲಕ್ಕಿಂತ ಮೊದಲು ಸೇರಲಿ ಎಂದೇ. ಆ ಪಿನ್ ಎಲ್ಲಾದರೂ ಕಾಣೆಯಾಗಿದ್ದರೆ, ಅಥವಾ ಅಲ್ಲಿ ಟೇಪ್ ಸುತ್ತಿದ್ದರೆ, ಒಳ್ಳೆಯ ರಿಪೇರಿಯವರಲ್ಲಿಗೆ ಒಯ್ದು ಮೂರು ಕೆಲಸ ಮಾಡಿಸಿ: ಡೆತ್ ಕ್ಯಾಪ್ ತೆಗೆಸಿ, ಚಾಸಿಗೆ ಗಟ್ಟಿಯಾದ ಅರ್ತ್ ವಯರು ಹಾಕಿಸಿ, ಅರ್ತ್ ಅನ್ನು ಗೋಡೆಯವರೆಗೆ ಒಯ್ಯುವ ಮೂರು ಪಿನ್ನಿನ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಅಲ್ಲಿಯವರೆಗೆ ಮನೆಯ ಮಕ್ಕಳ ಕೈಗೆ ಆ ಗಿಟಾರ್ ಕೊಡಬೇಡಿ.