ಡಿಟಿಎಸ್ಸೋ, ಹಡಗೋ?

ಕ್ರೈಸ್ತ ಸೇವಾ ತರಬೇತಿಗೆ ಹೊರಟವರ ಮುಂದೆ ಎರಡು ದಾರಿ. ವೈವಾಮ್ (ಯೂತ್ ವಿತ್ ಎ ಮಿಷನ್) ಸಂಸ್ಥೆಯ ಡಿಟಿಎಸ್, ಅಂದರೆ ಶಿಷ್ಯತ್ವ ತರಬೇತಿ ಶಾಲೆ, ಐದಾರು ತಿಂಗಳಿನದು: ಸುಮಾರು 12 ವಾರ ತರಗತಿ, ಆಮೇಲೆ 8ರಿಂದ 12 ವಾರ ಔಟ್‌ರೀಚ್, ಅಂದರೆ ಹೊರ ಊರು, ಹೊರ ದೇಶಗಳಲ್ಲಿ ಸೇವೆ. ಇನ್ನೊಂದು ಕ್ರೈಸ್ತ ಸಂಸ್ಥೆ ಓಎಂ (ಆಪರೇಷನ್ ಮೊಬಿಲೈಸೇಶನ್) ನಡೆಸುವ ಪುಸ್ತಕ ಮಳಿಗೆಯ ಹಡಗು ಲೋಗೋಸ್ ಹೋಪ್‌ಗೆ ದೀರ್ಘಾವಧಿ ಸೇರಿದರೆ ಸಾಮಾನ್ಯವಾಗಿ ಎರಡು ವರ್ಷ. ಅಲ್ಲಿ ಕಲಿಕೆ ಬಹುಪಾಲು ಅಡುಗೆಮನೆ, ಎಂಜಿನ್ ಕೋಣೆ, ಪುಸ್ತಕ ಮಳಿಗೆಯ ದುಡಿಮೆಯ ನಡುವೆಯೇ. ಕೂತು ಪಾಠ ಕೇಳಲಾಗದವರಿಗೆ ಹಡಗೇ ಸರಿ.

ಸಂಬಳ ಎರಡರಲ್ಲೂ ಇಲ್ಲ. ನಿಮ್ಮ ಜೇಬು, ಇಲ್ಲವೇ ನಿಮ್ಮ ಚರ್ಚ್ ಸಭೆಯವರ ಕಾಣಿಕೆ. ಡಿಟಿಎಸ್‌ಗೆ ಹೊರಟವರು ಎಡವುವುದು ಇಲ್ಲೇ: ತರಗತಿಯ ಶುಲ್ಕ ಹೊಂದಿಸಿಕೊಂಡು, ಔಟ್‌ರೀಚ್‌ನ ವಿಮಾನ ಟಿಕೆಟ್, ವೀಸಾ, ವಿಮೆಯ ಲೆಕ್ಕ ಮರೆತಿರುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಧರ್ಮಪ್ರಚಾರಕ್ಕೆ ಹಲವು ದೇಶಗಳು ಒಪ್ಪುವುದಿಲ್ಲ. ಯಾವ ವೀಸಾ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ. ಪಾಸ್‌ಪೋರ್ಟ್ ಹಿಂತಿರುಗುವ ದಿನದ ನಂತರವೂ ಆರು ತಿಂಗಳು ನಡೆಯುವಂತಿರಲಿ. ಇಲ್ಲದಿದ್ದರೆ ಹತ್ತಿರದ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಈಗಲೇ ಅಪಾಯಿಂಟ್‌ಮೆಂಟ್ ಹಾಕಿ. ಆಫ್ರಿಕಾದ ಹಲವು ದೇಶಗಳಿಗೆ ಹೋಗುವುದಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು: ಚುಚ್ಚಿಸಿಕೊಂಡ 10 ದಿನದ ನಂತರವೇ ಆ ಪ್ರಮಾಣಪತ್ರಕ್ಕೆ ಬೆಲೆ.