ಸೊಂಟ ನೋವೆಂದು ನರ ಕೂರಿಸಲು ಹೋಗುವವರು ದಯವಿಟ್ಟು ಓದಿ

ಮೊನ್ನೆ ಬದಿಯಡ್ಕ ಪೇಟೆಯಲ್ಲಿ ನೆಂಟರೊಬ್ಬರು ಸಿಕ್ಕಿ, "ಸೊಂಟ ಹಿಡಿದಿದೆ ಮಾರಾಯ, ಆ ನರ ಕೂರಿಸುವವರ ಮನೆ ಎಲ್ಲಿ ಬರ್ತದೆ?" ಎಂದು ಕೇಳಿದರು. ದಾರಿ ಹೇಳಲಿಲ್ಲ. ನನಗೆ ಆದದ್ದನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಆಟಿ ತಿಂಗಳು, ಅಡಿಕೆಗೆ ಎರಡನೇ ಸಲ ಮದ್ದು ಬಿಡುವ ದಿನ. ಮಳೆ ಸ್ವಲ್ಪ ಹೊಳವಾಗಿತ್ತು, ಅವಸರ. ಮೈಲುತುತ್ತಿನ ಅರ್ಧ ತುಂಬಿದ ಡ್ರಮ್ಮನ್ನು ಒಬ್ಬನೇ ವಾಲಿಸಿ ಸರಿಸುವಾಗ ಸೊಂಟದಲ್ಲಿ ಛಳಕ್ಕೆಂದಿತು. ಎರಡು ದಿನದಲ್ಲಿ ನೋವು ಎಡಗಾಲಿನ ಮೀನಖಂಡಕ್ಕೆ ಇಳಿಯಿತು. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಹೆಸರು. ಹೋದೆ.

ಬೆಂಚಿನ ಮೇಲೆ ಕವುಚಿ ಮಲಗಿಸಿ ಎಣ್ಣೆ ಹಚ್ಚಿ, ಸೊಂಟಕ್ಕೆ ಮೊಣಕಾಲು ಒತ್ತಿ ಭುಜ ತಿರುಚಿದರು. ಲಟಕ್ಕೆಂದಿತು. "ನರ ಕೂತಿತು, ಏಳು ದಿನ ಅಂಗಾತ ಮಲಗಿ" ಎಂದರು. ಕಾಲಿನಲ್ಲಿ ಬಲ ಉಂಟೋ ಇಲ್ಲವೋ ಎಂದು ಮುಟ್ಟಿಯೂ ನೋಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಬಂದೆ. ಜಗಲಿ ಹತ್ತುವಾಗ ನೋಡಿದರೆ ಎಡಗಾಲಿನಲ್ಲಿ ಚಪ್ಪಲಿಯೇ ಇಲ್ಲ. ತುಳಸಿಕಟ್ಟೆಯ ಹತ್ತಿರ ಕಳಚಿ ಬಿದ್ದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ನರ ಕೂರಿಸಿದವರಿಗೆ ಫೋನ್ ಮಾಡಿದರೆ, "ನರ ಸರಿಯಾಗುವಾಗ ಜೋಮು ಇರ್ತದೆ" ಎಂಬ ಉತ್ತರ. ನಂಬಿದೆ. ಮರುದಿನ ಮಣೆಯ ಮೇಲೆ ಕೂತರೆ ಹತ್ತಿಯ ಮೇಲೆ ಕೂತ ಹಾಗೆ. ಬಚ್ಚಲಿನಲ್ಲಿ ಎಷ್ಟು ಹೊತ್ತು ನಿಂತರೂ ಮೂತ್ರ ಬರಲಿಲ್ಲ. ಇದನ್ನು ಹೆಂಡತಿಗೂ ಹೇಳಲಿಲ್ಲ. ನಾಚಿಕೆ. ಒಂದು ರಾತ್ರಿ, ಒಂದು ಹಗಲು ಹಾಗೆಯೇ ಕಳೆದೆ. ನನಗೆ ಹೆಚ್ಚು ನಷ್ಟವಾದದ್ದು ಆ ಹೊತ್ತಿನಲ್ಲಿ.

ನರ್ಸ್ ಆಗಿರುವ ತಂಗಿ ಸಂಜೆ ಫೋನಿನಲ್ಲಿ ನೇರವಾಗಿ ಕೇಳಿದಳು: "ಮೂತ್ರ ಹೋಗ್ತದಾ?" ಇಲ್ಲ ಎಂದದ್ದೇ, "ಅಣ್ಣಾ, ಈಗಲೇ ಹೊರಡು, ಅಂಗಿ ಬದಲಿಸ್ತಾ ಕೂರಬೇಡ" ಎಂದಳು. ತಲಪಾಡಿ ದಾಟಿ ಮಂಗಳೂರು. ಎಂಆರ್‌ಐ, ಅದೇ ರಾತ್ರಿ ಆಪರೇಷನ್.

ಡಾಕ್ಟರು ಬಿಡಿಸಿ ಹೇಳಿದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದ ಹಾಗೆ ಗೊಂಚಲಾಗಿ ಇಳಿಯುತ್ತವೆ. ಮೂತ್ರ, ಮಲ, ಲೈಂಗಿಕ ಶಕ್ತಿ, ಕುಳಿತುಕೊಳ್ಳುವ ಜಾಗದ ಸ್ಪರ್ಶ ಎಲ್ಲ ಅವುಗಳದ್ದೇ. ನನ್ನ ಸೊಂಟದ ಎಲ್‌4-ಎಲ್‌5 ಎಂಬ ಎರಡು ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಗೆ ಬಂದು ಆ ಗೊಂಚಲನ್ನೇ ಅದುಮಿತ್ತು. ಹೀಗಾಗುವುದು ಅಪರೂಪ. ಆದರೆ ಹಾಗಾಯಿತೆಂದರೆ ಗಂಟೆಗಳ ಲೆಕ್ಕ: 48 ಗಂಟೆಯೊಳಗೆ ಒತ್ತಡ ತೆಗೆದರೆ ಚೇತರಿಕೆಯ ಸಾಧ್ಯತೆ ಹೆಚ್ಚು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅಂಥ ಸೊಂಟವನ್ನು ತಿರುಚಲೇಬಾರದಿತ್ತು ಎಂದರು.

ಬಹುಪಾಲು ಸೊಂಟ ನೋವು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕಾಲಿಗೆ ಇಳಿದ ಡಿಸ್ಕಿನ ನೋವು ಕೂಡ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಕಡಿಮೆಯಾಗುತ್ತದೆ. ಆ ಮನೆಗೆ ಅಷ್ಟು ಹೆಸರು ಬಂದದ್ದು ಇದರಿಂದಲೇ ಎಂದು ನನಗೆ ಈಗ ಅನಿಸುತ್ತದೆ. ಏಳು ದಿನ ಅಂಗಾತ ಮಲಗುವುದೂ ತಪ್ಪು. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೋಲುತ್ತದೆ, ತಡೆದುಕೊಳ್ಳುವಷ್ಟು ನಡೆದಾಡಬೇಕು.

ಆದರೆ ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದ ಹಾಗೆ ಸೋರಿದರೆ, ತೊಡೆಸಂಧಿ, ಗುದದ ಸುತ್ತ ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಎಂಆರ್‌ಐ ಮತ್ತು ಬೆನ್ನಿನ ಆಪರೇಷನ್ ಎರಡೂ ಆಗುವ ಆಸ್ಪತ್ರೆಗೇ ನೇರ ಹೋಗಿ. ಜ್ವರದ ಜೊತೆ ಬೆನ್ನು ನೋವು, ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ಬೆನ್ನು ನೋವು, ಇವನ್ನೂ ತಡಮಾಡದೆ ತೋರಿಸಿ.

ನನಗೆ ಆರು ವಾರ ಮೂತ್ರದ ಟ್ಯೂಬ್ ಇತ್ತು. ಈಗ ಮೂತ್ರ ಹೋಗುತ್ತದೆ, ತುಂಬಿದ್ದು ಮಾತ್ರ ಸರಿಯಾಗಿ ತಿಳಿಯುವುದಿಲ್ಲ. ಗಡಿಯಾರ ನೋಡಿ ಹೋಗುತ್ತೇನೆ. ಎಡಗಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಬೇಕು.

ನೆಂಟರನ್ನು ಕೊನೆಗೆ ಕೇಳಿದೆ, ಮೂತ್ರ ಸರಿ ಹೋಗ್ತದಾ ಎಂದು. ಪೇಟೆ ನಡುವೆ ಕೇಳಿದ್ದಕ್ಕೆ ಅವರಿಗೆ ಮುಜುಗರವಾಯಿತು. ಆದರೂ ಉತ್ತರ ಬರುವವರೆಗೆ ಬಿಡಲಿಲ್ಲ.