ಮೂಡಲ್: ನೆಟ್‌ವರ್ಕ್ ಸಿಗದ ಊರಿನ ಮಕ್ಕಳಿಗೆ ಆಗಿಬರೋ ಸಾಫ್ಟ್‌ವೇರ್

ನಮ್ಮ ಡಿಗ್ರಿ ಕಾಲೇಜಲ್ಲಿ ಮೂಡಲ್, ಅಂದ್ರೆ ನೋಟ್ಸು, ಟೆಸ್ಟು, ಚರ್ಚೆ ಎಲ್ಲಾ ಆನ್‌ಲೈನಲ್ಲಿ ಒಂದೇ ಕಡೆ ನಡೆಸೋ ಸಾಫ್ಟ್‌ವೇರ್, ಹಾಕ್ಸಿ ಎರಡು ವರ್ಷ ಆಯ್ತು, ನಾನು ಬಿಕಾಂ ಮಕ್ಕಳಿಗೆ ಪಾಠ ಮಾಡೋಳು, ಬೇರೆ ಕಾಲೇಜಿನ ಲೆಕ್ಚರರ್ಸ್ ಫೋನ್ ಮಾಡಿ ಹೇಗಿದೆ ಮೇಡಂ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ.

ಮೊದಲು ಎಲ್ಲಾ ಮೊಬೈಲ್ ಗ್ರೂಪಲ್ಲೇ ನಡೀತಿತ್ತು. ನೋಟ್ಸು, ಟೈಮ್‌ಟೇಬಲ್ಲು, ಇಂಟರ್ನಲ್ಸ್ ಡೇಟು ಎಲ್ಲಾ ಅಲ್ಲೇ, ಅದರ ಮೇಲೆ ಗುಡ್ ಮಾರ್ನಿಂಗು ಬರ್ತ್‌ಡೇ ವಿಶ್ಶು. ಒಂದ್ಸಲ ಟೆಸ್ಟ್ ದಿನ ಬದಲಾಗಿದ್ದು ಆ ರಾಶೀಲಿ ಮುಚ್ಚಿಹೋಗಿ ಹಳ್ಳಿಯಿಂದ ಬರೋ ಆರೇಳು ಮಕ್ಕಳಿಗೆ ಟೆಸ್ಟೇ ತಪ್ಪಿಹೋಯ್ತು. ಅದರಲ್ಲಿ ಒಬ್ಬಳು ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತು ಅತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂಡಲ್‌ನಲ್ಲಿ ಒಂದೊಂದು ಸಬ್ಜೆಕ್ಟಿಗೂ ಬೇರೆ ಬೇರೆ ಪುಟ, ಯುನಿಟ್ ಪ್ರಕಾರ ನೋಟ್ಸ್ ಜೋಡಿಸಿಡಬಹುದು, ಅನೌನ್ಸ್‌ಮೆಂಟ್ ಜಾಗದಲ್ಲಿ ಮಕ್ಕಳು ಏನೂ ಹಾಕೋಕಾಗಲ್ಲ, ಹಾಗಾಗಿ ಟೆಸ್ಟ್ ಡೇಟ್ ಹಾಕಿದ್ರೆ ಮೇಲೇ ಇರುತ್ತೆ, ಇಮೇಲ್‌ಗೂ ಹೋಗುತ್ತೆ. ಚರ್ಚೆಗೆ ಒಂದು ಪ್ರಶ್ನೋತ್ತರದ ಬಗೆ ಇದೆ, ನಂಗೆ ತುಂಬಾ ಇಷ್ಟ ಆಗಿದ್ದು ಅದು: ತಾನು ಉತ್ತರ ಬರೆಯೋ ತನಕ ಬೇರೆಯವರು ಬರೆದಿದ್ದು ಕಾಣಲ್ಲ. ಕಾಪಿ ಹೊಡೆಯೋ ಹಾಗಿಲ್ಲ, ಕ್ಲಾಸಲ್ಲಿ ಬಾಯೇ ಬಿಡದ ಮಕ್ಕಳೂ ಬರೀತಾರೆ.

ಆದ್ರೆ ನಮ್ಮ ಕಡೆಗೆ ನಿಜವಾಗಿ ಬೇಕಾಗಿದ್ದು ಇದರ ಮೊಬೈಲ್ ಆ್ಯಪ್. ಕಾಲೇಜ್ ವೈಫೈನಲ್ಲಿ ನೋಟ್ಸ್ ಡೌನ್‌ಲೋಡ್ ಮಾಡ್ಕೊಂಡು ಹೋಗಬಹುದು, ಕ್ವಿಜ್ ಮಾಡುವಾಗ ಟೀಚರ್ ಸೆಟ್ಟಿಂಗ್ಸಲ್ಲಿ ಆಫ್‌ಲೈನ್‌ಗೆ ಅವಕಾಶ ಕೊಟ್ಟಿದ್ರೆ ಮನೇಲಿ ನೆಟ್ ಇಲ್ದೇನೂ ಉತ್ತರ ಬರೆದಿಟ್ಕೋಬಹುದು. ನನ್ನ ಕ್ಲಾಸಿನ ಒಬ್ಬಳ ಮನೆ ಘಟ್ಟದ ಅಂಚಲ್ಲಿ, ರಾತ್ರಿ ಕೂತು ಬರೀತಾಳೆ, ಬೆಳಿಗ್ಗೆ ಬಸ್ಸು ಗುಡ್ಡ ಹತ್ತಿ ಸಿಗ್ನಲ್ ಸಿಕ್ಕ ಕೂಡ್ಲೇ ಸಿಂಕ್ ಕೊಡ್ತಾಳೆ, ಅಂದ್ರೆ ಫೋನಲ್ಲಿ ಬರೆದಿಟ್ಟಿದ್ದನ್ನ ಮೂಡಲ್‌ಗೆ ಕಳಿಸ್ತಾಳೆ. ನಾನು ಕಾಲೇಜಿಗೆ ಹೋಗೋ ಹೊತ್ತಿಗೆ ಅವಳ ಉತ್ತರ ಬಂದಿರುತ್ತೆ.

ಇದನ್ನ ಮಾಡಿದ ಮಾರ್ಟಿನ್ ಡೂಗಿಯಾಮಾಸ್ ಕೂಡ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮೀಲಿ ಬೆಳೆದವ್ರು, ಹತ್ತಿರ ಶಾಲೆ ಇಲ್ದೆ ರೇಡಿಯೋದಲ್ಲಿ ಪಾಠ ಕೇಳಿ ಕಲಿತವ್ರು. 2002ರಲ್ಲಿ ಮೊದಲ ಆವೃತ್ತಿ ಬಿಟ್ರು, ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ತಗೊಂಡು ಬಳಸಬಹುದು, ತಿದ್ದಬಹುದು, ಲೈಸೆನ್ಸ್‌ಗೆ ಒಂದು ರೂಪಾಯಿನೂ ಕೊಡ್ಬೇಕಿಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರಲ್ಲೇ ಇದನ್ನ ಆರಿಸ್ಕೊಳ್ತು, ನಮ್ಮಲ್ಲಿ ಐಐಟಿ ಬಾಂಬೆಯವ್ರೂ ಬಳಸ್ತಾರೆ.

ಫ್ರೀ ಅಂದ್ರೆ ಖರ್ಚೇ ಇಲ್ಲ ಅಂತಲ್ಲ ಮತ್ತೆ. ಸರ್ವರ್ ಬೇಕು, ಅಪ್‌ಡೇಟ್ ಮಾಡೋರು ಬೇಕು. ನಾವು ಮೊದಲು ಕೆಲಸ ಕೊಟ್ಟ ಹುಡುಗ್ರು ಬ್ಯಾಕಪ್ಪೇ ಇಟ್ಟಿರಲಿಲ್ಲ, ಸರ್ವರ್ ಕೈಕೊಟ್ಟಾಗ ಒಂದು ಸೆಮಿಸ್ಟರಿನ ಕ್ವಿಜ್ ಮಾರ್ಕ್ಸ್ ಎಲ್ಲಾ ಹೋಯ್ತು, ಪುಣ್ಯಕ್ಕೆ ನಾನು ಪುಸ್ತಕದಲ್ಲಿ ಬರೆದಿಟ್ಕೊಂಡಿದ್ದೆ, ಬೇರೆ ಸಬ್ಜೆಕ್ಟಿನವರು ಮತ್ತೆ ಟೆಸ್ಟ್ ಮಾಡ್ಬೇಕಾಯ್ತು. ಈಗ ವಾರ ವಾರ ಬ್ಯಾಕಪ್ ತೆಗೆದು ಬೇರೆ ಕಡೆ ಇಡ್ತೀವಿ, ಅದಕ್ಕೇ ಅಂತ ಲ್ಯಾಬ್ ಅಸಿಸ್ಟೆಂಟ್ ಒಬ್ಬರನ್ನ ಹಾಕಿದೀವಿ. ಇನ್ನೊಂದು, ಸೆಟ್ಟಿಂಗ್ಸ್ ವಿಪರೀತ ಜಾಸ್ತಿ, ಹೊಸಬ್ರು ಒಂದು ಕ್ವಿಜ್ ಮಾಡೋಕೆ ಹೋಗಿ ಕಂಗಾಲಾಗ್ತಾರೆ. ನಮ್ಮ ಹಿರಿಯ ಸರ್ ಒಬ್ಬರಿಗೆ ಪಕ್ಕದಲ್ಲಿ ಕೂತು ಹೇಳಿಕೊಡೋಕೆ ನಂಗೆ ಎರಡು ಮಧ್ಯಾಹ್ನ ಬೇಕಾಯ್ತು, ಈಗ ಅವರೇ ಬೇರೆಯವರಿಗೆ ಹೇಳಿಕೊಡ್ತಾರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಹಾಕ್ಸೋರು ಒಂದೇ ಡಿಪಾರ್ಟ್‌ಮೆಂಟಿಂದ ಶುರು ಮಾಡಿ, ಮತ್ತೆ ಬ್ಯಾಕಪ್ ಯಾರ ಜವಾಬ್ದಾರಿ ಅಂತ ಮೊದಲನೇ ದಿನವೇ ಬರೆಸ್ಕೊಳ್ಳಿ.